ಕಾಗದ ಇಲ್ಲ ಅಂದ್ರ ಹಕ್ಕೂ ಇಲ್ಲೇನು?

ಅಕ್ಕಲಕೋಟ, ಜತ್ತ ಕಡೆಯಿಂದ ಸೊಲ್ಲಾಪುರ, ಸಾಂಗಲಿಗೆ ಓದಾಕ, ದುಡಿಯಾಕ ಹೋಗಿ ರೂಮ್ ಹಿಡಿಯೋ ನಮಗೆಲ್ಲ ಈ ಮಾತು ಗೊತ್ತು: "ನೀವು ನಮ್ಮವರೇ ಬಿಡ್ರಿ, ಕಾಗದ ಯಾಕ ಬೇಕು?" ಕನ್ನಡ ಮಾತಾಡೋ ಮಾಲಕರು ಸಿಕ್ಕರು ಅಂತ ಖುಷಿಯಾಗಿ ಡಿಪಾಜಿಟ್ ಕೈಗೆ ಕೊಟ್ಟು ಬರ್ತೀವಿ. ರೂಮ್ ಬಿಡೋ ದಿನ ಅದೇ ಬಾಯಿ ಬೇರೆ ಮಾತಾಡ್ತದ. ಸುಣ್ಣಬಣ್ಣಕ್ಕ ಇಷ್ಟು, ಮೊದಲೇ ಹೇಳಲಿಲ್ಲ ಅಂತ ಇನ್ನೊಂದು ತಿಂಗಳ ಬಾಡಿಗಿ. ಕೇಳಿದ್ರ, "ಕಾಗದ ಎಲ್ಲೈತಿ ತೋರಿಸ್ರಿ!" ನಾವು ಗಪ್ಪನ ಚೀಲ ಹೊತ್ತು ಬಸ್ ಹತ್ತತೀವಿ.

ಸಾಕು ಈ ಗಪ್ಪ ಕೂಡೋದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999, ಕಲಂ 55 ಓದ್ರಿ. ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿ ಆಗಬೇಕು. ನೋಂದಣಿ ಮಾಡಿಸೋ ಹೊಣೆ ಮಾಲಕರದು. ತಪ್ಪಿದರ 3 ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅಂಥ ಕರಾರು ಇಲ್ಲದಿದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ತದ, ಅದು ತಪ್ಪು ಅಂತ ಸಾಬೀತಾಗೋತನಕ. ಹಂಗಾದ್ರ ಕಾಗದ ಇಲ್ಲ ಅಂತ ಅಂಜಬೇಕಾದವರು ಯಾರು?

ಆದ್ರ ನಮ್ಮ ಮಾತಿಗೂ ಆಧಾರ ಬೇಕು. ಡಿಪಾಜಿಟ್, ಬಾಡಿಗಿ ಫೋನ್‌ನಿಂದಲೇ ಕಳಿಸ್ರಿ. ರೂಮ್ ಬಿಡೋದನ್ನ ತಿಂಗಳ ಮೊದಲೇ ಬರೆದು ತಿಳಿಸ್ರಿ, ಬೇಕಾದ್ರ ಮರಾಠಿಯೊಳಗೇ ಬರೀರಿ. ಕೀಲಿ ಕೊಡೋ ಮುಂಚೆ ಗ್ವಾಡಿ, ಲೈಟ್ ಮೀಟರ್ ಫೋಟೋ ತೆಗೀರಿ.

ಇದು ಮರಾಠಿಗರ ಜೋಡಿ ಜಗಳ ಅಲ್ಲ. ಕನ್ನಡದಾಗ ನಕ್ಕು ಮಾತಾಡಿ ನಮ್ಮ ದುಡ್ಡು ನುಂಗೋರೂ ಅದಾರ. ನಮ್ಮ ಭಾಷೆ ಅವರ ಮೋಸಕ್ಕ ಹೊದಿಕಿ ಆಗಬಾರದು. ನಮ್ಮವರಾದ್ರ ಇನ್ನೂ ಛಲೋ, ಕಾಗದ ಮಾಡಿಕೊಡ್ಲಿ!