ಹಕ್ಕಿ ಮೇಯ್ದ ಹೊಲದ ಲೆಕ್ಕ ಯಾರು ಕೊಡಬೇಕು?



ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಬರುತ್ತದೆ. ನೀರಿನ ಮೇಲೆ ತೇಲುವ ಬಾತುಗಳ ಫೋಟೊ, ‘ವಿದೇಶಿ ಅತಿಥಿಗಳು ಬಂದರು’ ಎಂಬ ತಲೆಬರಹ, ಕೊನೆಗೆ ಇಲ್ಲಿ ಪ್ರವಾಸೋದ್ಯಮ ಬೆಳೆಸಬೇಕೆಂಬ ಬೇಡಿಕೆ. ಈ ಬೇಡಿಕೆಯ ಬಗ್ಗೆ ನನ್ನ ತಕರಾರಿದೆ. ಅತಿಥಿಗಳ ಊಟದ ಖರ್ಚು ಹೊತ್ತವರು ಕೆರೆಯ ಸುತ್ತ ಶೇಂಗಾ, ಕಡಲೆ ಬೆಳೆಯುವ ರೈತರು. ಅವರ ಮಾತು ಆ ಸುದ್ದಿಗಳಲ್ಲಿ ಕಾಣುವುದೇ ಅಪರೂಪ.

ಪಟ್ಟೆತಲೆ ಹೆಬ್ಬಾತು ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸುತ್ತದೆ. ಹೊತ್ತು ಮುಳುಗಿದ ಮೇಲೆ ಹಿಂಡು ಹಿಂಡಾಗಿ ಹೊಲಗಳಿಗೆ ಇಳಿಯುತ್ತದೆ. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಇಲ್ಲಿ ಮೈ ತುಂಬಿಕೊಳ್ಳದೆ ಮಾರ್ಚಿನಲ್ಲಿ ಮರಳಿ ಹಾರಲಾರದು. ಮಾಗಡಿಗೆ ಚಳಿಗಾಲದಲ್ಲಿ ಬರುವ ಈ ಹೆಬ್ಬಾತುಗಳು ಸುಮಾರು 8,000 ಎಂಬುದು ಸರ್ಕಾರವೇ ಹೇಳಿದ ಲೆಕ್ಕ. ನೆಚ್ಚಿಕೊಳ್ಳಲು ಮಳೆ ಬಿಟ್ಟರೆ ಬೇರೇನೂ ಇಲ್ಲದ ಸೀಮೆ ನಮ್ಮದು. ಹಿಂಗಾರಿಯಲ್ಲಿ ಬೀಜ, ಗೊಬ್ಬರ, ಆಳಿನ ಕೂಲಿಗೆಂದು ಸಾಲ ಮಾಡಿದ ರೈತ ಬೆಳಿಗ್ಗೆ ಹೊಲಕ್ಕೆ ಹೋದಾಗ ಎಳೆಯ ಪೈರು ಮೇಯ್ದುಹೋಗಿದ್ದರೆ ಅವನಿಗೆ ಯಾವ ಅತಿಥಿಯ ಚೆಂದ ಕಣ್ಣಿಗೆ ಬಿದ್ದೀತು?

2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆ ಸಂರಕ್ಷಣಾ ಮೀಸಲು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಸಲ ಸೇರಿದ ಭಾರತದ ಐದು ತಾಣಗಳಲ್ಲಿ ಮೂರು ಕರ್ನಾಟಕದವು. ಅಂಕಸಮುದ್ರ ಮತ್ತು ಅಘನಾಶಿನಿ ಉಳಿದೆರಡು. ಸುಮಾರು 50 ಹೆಕ್ಟೇರಿನ ನಮ್ಮ ಕೆರೆಯಲ್ಲಿ 166 ಜಾತಿಯ ಹಕ್ಕಿಗಳಿವೆ, ಅವುಗಳಲ್ಲಿ 130 ವಲಸೆ ಬರುವವು. ಅಪಾಯದ ಅಂಚಿನ ಹೊಳೆ ರೀವ, ಜೊತೆಗೆ ಹಾವಕ್ಕಿ, ಬಣ್ಣದ ಕೊಕ್ಕರೆಗಳೂ ಇವೆ. ಇದರಲ್ಲಿ ನನಗೂ ಹೆಮ್ಮೆಯಿದೆ.

ಆದರೆ ಈ ಕೆರೆ ತಾನಾಗಿ ಹುಟ್ಟಿದ್ದಲ್ಲ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ್ದು. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಮಾಗಡಿಗಾದರೆ ಸಂರಕ್ಷಣಾ ಮೀಸಲಿನ, ರಾಮ್ಸಾರ್ ಪಟ್ಟಿಯ ಆಸರೆಯಿದೆ. ಹಕ್ಕಿಗಳು ಹೋಗಿ ಕೂರುವ ಶೆಟ್ಟಿಕೇರಿಯ ಕೆರೆಗೆ, ಸುತ್ತಲಿನ ಹತ್ತಾರು ಊರ ಕೆರೆಗಳಿಗೆ ಆ ಆಸರೆಯಿಲ್ಲ. ಪಟ್ಟಿಗೆ ಸೇರಿದ ಒಂದು ಕೆರೆಗೆ ಬೇಲಿ ಹಾಕಿ ಉಳಿದವನ್ನು ಹೂಳಿಗೆ ಬಿಟ್ಟರೆ, ಮಳೆ ಕೈಕೊಟ್ಟ ವರ್ಷ ಮಾಗಡಿ ಒಣಗಿದಾಗ ಹೆಬ್ಬಾತು ಎಲ್ಲಿಗೆ ಹೋಗಬೇಕು? ಹಕ್ಕಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಹುಣಸೆ ಮರದಲ್ಲಿ ಫಸಲು ಕೈಗೆ ಸಿಗುವುದಿಲ್ಲ. ಆ ನಷ್ಟಕ್ಕೆಂದು ಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ಪದ್ಧತಿ ದಶಕಗಳ ಹಿಂದೆಯೇ ಶುರುವಾಯಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಎನಿಸಿಕೊಂಡಿತು. ಮರದ ಹುಣಸೆಗೆ ಬೆಲೆ ಕಟ್ಟಬಹುದಾದರೆ ಹೊಲದ ಕಡಲೆಗೆ ಯಾಕಾಗದು? ಆನೆ, ಕಾಡುಹಂದಿ ಪೈರು ಹಾಳು ಮಾಡಿದರೆ ಪರಿಹಾರ ಕೇಳಲು ದಾರಿ ಇದೆ. ಹೆಬ್ಬಾತು ಮೇಯ್ದ ಹೊಲಕ್ಕೂ ಅಷ್ಟೇ ಸಲೀಸಾದ ದಾರಿ ಬೇಕು. ಗ್ರಾಮ ಆಡಳಿತ ಅಧಿಕಾರಿ ಮತ್ತು ಅರಣ್ಯ ರಕ್ಷಕ ಒಟ್ಟಿಗೇ ಹೊಲಕ್ಕೆ ಬಂದು ನಷ್ಟ ಬರೆದುಕೊಂಡು ಹೋದರೆ ರೈತ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಈ ಪರಿಹಾರವನ್ನು ದಾನವೆಂದು ಕರೆಯಬಾರದು. ಇಡೀ ದೇಶ ಹೆಮ್ಮೆಪಡುವ ಹಕ್ಕಿಯನ್ನು ನಾಲ್ಕು ತಿಂಗಳು ಸಾಕುವವರಿಗೆ ಸಲ್ಲಬೇಕಾದ ಹಣ ಅದು.

ಇನ್ನು ಪ್ರವಾಸೋದ್ಯಮ. ಅದೇ 2017ರ ನಿಯಮಗಳು ಅನ್ವಯಿಸುವ ಜೌಗು ಪ್ರದೇಶಗಳಲ್ಲಿ, ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟರೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಕಸ ಸುರಿಯುವಂತಿಲ್ಲ, ಕೊಳಚೆ ಬಿಡುವಂತಿಲ್ಲ. ದಂಡೆಗೆ ಕಾಂಕ್ರೀಟು, ಬಣ್ಣದ ದೀಪ, ಸೆಲ್ಫಿ ಪಾಯಿಂಟು ಎಂದು ಯೋಜನೆ ಹಾಕುವ ಮುನ್ನ ಇದನ್ನು ಓದಬೇಕು. ನೋಡಲು ಬರುವವರಿಗೆ ದೂರದಿಂದ ನೋಡುವ ಒಂದು ಮರೆ, ಮಾಹಿತಿ ಹೇಳಬಲ್ಲ ಊರಿನ ಹುಡುಗರು ಇದ್ದರೆ ಸಾಕು. ದಂಡೆಯ ಮೇಲೆ ಗಾಡಿ ನಿಲ್ಲಿಸಿ ಹಾಡು ಹಾಕಿ, ಊಟದ ಪ್ಲಾಸ್ಟಿಕ್ ತಟ್ಟೆಗಳನ್ನು ಅಲ್ಲೇ ಬಿಟ್ಟುಹೋಗುವವರಿಗೆ ದಂಡ ಹಾಕಲೇಬೇಕು, ಅವರು ಗದಗ-ಬೆಟಗೇರಿಯವರಾಗಲಿ, ನಮ್ಮ ಲಕ್ಷ್ಮೇಶ್ವರದವರೇ ಆಗಲಿ.

ಕೆರೆಗೆ ಕೆಡುಕು ಪ್ರವಾಸಿಗರಿಂದಷ್ಟೇ ಅಲ್ಲ. ಅದರ ಜಲಾನಯನದ ಹೊಲಗಳಿಗೆ ಹಾಕಿದ ಗೊಬ್ಬರ, ಸಿಂಪಡಿಸಿದ ವಿಷ ಮಳೆಯೊಂದಿಗೆ ಹರಿದು ಕೆರೆಗೇ ಬರುತ್ತದೆ. ರೈತನಿಗೆ ಕೀಟನಾಶಕದ ಸಲಹೆ ಕೊಡುವುದು ಹೆಚ್ಚಾಗಿ ಗೊಬ್ಬರದ ಅಂಗಡಿಯವರೇ. ಅವರಿಗೆ ಇದು ವ್ಯಾಪಾರದ ಮಾತು, ಕೃಷಿ ಇಲಾಖೆಗೆ ಕರ್ತವ್ಯದ ಮಾತು. ಕೆರೆಯ ಸುತ್ತಲಿನ ಹಳ್ಳಿಗಳಿಗೆ ಯಾವ ಔಷಧ ಬೇಡ, ಬದಲಿಗೆ ಏನು ಎಂಬುದನ್ನು ಬಿತ್ತನೆಗೆ ಮೊದಲೇ ಹೊಲಕ್ಕೆ ಬಂದು ಹೇಳುವ ಜವಾಬ್ದಾರಿ ಇಲಾಖೆಯದು. ಹಕ್ಕಿ ಸತ್ತ ಮೇಲೆ ಮಾದರಿ ಸಂಗ್ರಹಿಸಿದರೆ ಏನು ಬಂತು?

ಇವೆಲ್ಲಕ್ಕೂ ಸರ್ಕಾರದ ಆದೇಶವೊಂದನ್ನೇ ನಂಬಿ ಕೂರಬಾರದೆಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಸರ್ಕಾರವೇ 2016ರಲ್ಲಿ ಅದನ್ನು ಹಿಂಪಡೆಯಿತು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಿಸಿತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅದಕ್ಕೂ ಮುಂಚೆ, 2011ರಲ್ಲಿ, ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಲಿನ ಫಲವತ್ತಾದ ಎರಿ ಭೂಮಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಹೋಗದೆ ಉಳಿಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನ ಅಲ್ಲಿತ್ತು, ಹೊಲ ಬಿಡೆವೆಂದು ಪಟ್ಟು ಹಿಡಿದ ರೈತರೂ ಇದ್ದರು. ಎರಡೂ ಕಡೆ ಊರವರು ಜೊತೆಗಿದ್ದದ್ದರಿಂದಲೇ ನೆಲ ಉಳಿಯಿತು. ಮಾಗಡಿಯಲ್ಲಿ ರೈತನನ್ನೇ ಹಕ್ಕಿಯ ಎದುರು ನಿಲ್ಲಿಸಿದರೆ ಆ ಬಲವನ್ನು ನಾವೇ ಕಳೆದುಕೊಂಡಂತೆ.

ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ವನ್ಯಜೀವಿ ಕಾಯ್ದೆಯೇ ಸ್ಥಾನ ಕೊಟ್ಟಿದೆ. ಆ ಸಮಿತಿ ಪ್ರತಿ ವರ್ಷ ಅಕ್ಟೋಬರಿನಲ್ಲಿ, ಹಕ್ಕಿ ಬರುವ ಮೊದಲು, ಮಾಗಡಿ ಊರೊಳಗೇ ಸಭೆ ಸೇರಲಿ. ಕೆರೆಯ ನೀರಿನ ಮಟ್ಟ, ಕೂಡು ಕಾಲುವೆಗಳ ಹೂಳು, ಹಿಂದಿನ ವರ್ಷ ನಷ್ಟವಾದ ಹೊಲಗಳ ಪಟ್ಟಿ, ಕೊಟ್ಟ ಪರಿಹಾರ, ಕೊಡದೆ ಉಳಿದ ಪರಿಹಾರ ಇವೆಲ್ಲವನ್ನೂ ಅಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಉಳಿದ ಕೆರೆಗಳನ್ನೂ ಅದೇ ಸಭೆಯ ಚರ್ಚೆಗೆ ತರಲಿ. ಜಿಲ್ಲಾಧಿಕಾರಿಗಳು ಮತ್ತು ಜಿಲ್ಲೆಯ ಅರಣ್ಯ ಅಧಿಕಾರಿಗಳು ಈ ಸಭೆಯ ದಿನಾಂಕವನ್ನು ಮುಂಗಾರು ಮುಗಿಯುವ ಮುನ್ನ ಈ ಪತ್ರಿಕೆಯ ಮೂಲಕವೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಲಕ್ಷ್ಮೇಶ್ವರದ ಓದುಗ