ಹಳತಾದದ್ದಕ್ಕೇ ಬಿದ್ದೀತೆ?

ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ 2022ರ ಅಕ್ಟೋಬರ್ 22ರಂದು ಕುಸಿದು, ರಸಾಯನಶಾಸ್ತ್ರ ಪ್ರಯೋಗಾಲಯ ನೆಲಸಮವಾಯಿತು. ಅಪಾಯವನ್ನು ಮುಂಚಿತವಾಗಿ ಅರಿತು ವಿದ್ಯಾರ್ಥಿನಿಯರನ್ನು ಹೊರಗೆ ಕಳುಹಿಸಿದ್ದರಿಂದ ಪ್ರಾಣಹಾನಿ ತಪ್ಪಿತು. ಆದರೆ 2025ರ ಜನವರಿಯಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ಕೆಡವುವಾಗ ಅವಶೇಷಗಳಡಿ ಸಿಲುಕಿ ಕಾರ್ಮಿಕನೊಬ್ಬ ಅಸುನೀಗಿದ.

ಕಟ್ಟಡಕ್ಕೆ ನೂರು ವರ್ಷ ದಾಟಿತ್ತು, ಬಿತ್ತು ಎಂಬುದು ಇಂಥ ಸಂದರ್ಭಗಳಲ್ಲಿ ಸಿದ್ಧವಾಗಿರುವ ಸಮಜಾಯಿಷಿ. ಅದನ್ನು ನಾನು ಒಪ್ಪಲಾರೆ. ಅದೇ ಊರಿನ ಮಹಾರಾಜ ಕಾಲೇಜಿನ ಕಟ್ಟಡಕ್ಕೆ ಶಂಕುಸ್ಥಾಪನೆಯಾದದ್ದು 1889ರಲ್ಲಿ. ವಯಸ್ಸೇ ಕಾರಣವಾಗಿದ್ದರೆ ಮೊದಲು ಬೀಳಬೇಕಾಗಿದ್ದುದು ಅದು.

ಆ ಕಾಲದ ಕಟ್ಟಡಗಳ ಪ್ರಕೃತಿಯೇ ಬೇರೆ. ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. ಸುಣ್ಣದ ಗೋಡೆ ತೇವವನ್ನು ಹೀರುತ್ತದೆ, ಬಿಸಿಲಿಗೆ ಹೊರಬಿಡುತ್ತದೆ. ಅದೇ ಅದರ ಉಸಿರಾಟ. ದುರಸ್ತಿಯ ಹೆಸರಿನಲ್ಲಿ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ತಾರಸಿಯ ನೀರು ಹೋಗುವ ದಾರಿ ಕಟ್ಟಿಕೊಂಡರೆ ಗೋಡೆಯೊಳಗೆ ಹೂತ ತೊಲೆಯ ತುದಿ ಕೊಳೆಯುತ್ತದೆ. ಹಕ್ಕಿ ತಂದ ಅರಳಿ ಬೀಜ ಬಿರುಕಿನಲ್ಲಿ ಬೇರೂರುತ್ತದೆ. ಹತ್ತು ಮಳೆಗಾಲ ಯಾರೂ ತಾರಸಿ ಹತ್ತಿ ನೋಡದಿದ್ದರೆ ಸಾಕು, ಉಳಿದುದನ್ನು ನೀರೇ ಮಾಡುತ್ತದೆ.

ಇದು ಬರೀ ಗೋಡೆಯ ಪ್ರಶ್ನೆಯಲ್ಲ. 1881ರಲ್ಲಿ ಬಾಲಕಿಯರ ಶಾಲೆಯಾಗಿ ಹುಟ್ಟಿದ ಸಂಸ್ಥೆಯಿಂದ ಬೆಳೆದು ಬಂದ ಕಾಲೇಜು ಇದು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ವಿವಾದವಾಗಿದ್ದ ದಿನಗಳಲ್ಲಿ ಸಂಸ್ಥಾನವು ಅವರಿಗಾಗಿ ತೆಗೆದ ಬಾಗಿಲು.

ಮೈಸೂರಿಗೆ ಎಚ್ಚರಿಕೆಗಳೇನೂ ಕಡಿಮೆ ಇರಲಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗವೂ ಕುಸಿಯಿತು. ಆಮೇಲೆ ನಡೆದದ್ದು ಕೆಡವಬೇಕೋ ಉಳಿಸಬೇಕೋ ಎಂಬ ದೀರ್ಘ ವಾಗ್ವಾದ. ಉಳಿದ ಕಟ್ಟಡಗಳ ತಾರಸಿಯ ಮೇಲೆ ಗಿಡ ಬೆಳೆಯುತ್ತಿದೆಯೇ ಎಂದು ಕೇಳುವವರು ಆ ಗದ್ದಲದಲ್ಲಿ ವಿರಳ.

ಸರ್ಕಾರಿ ಕಾಲೇಜುಗಳ ಹಳೆಯ ಕಟ್ಟಡಗಳಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತಪಾಸಣೆ ಕಡ್ಡಾಯವಾಗಬೇಕು. ಅದರ ವರದಿಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಬೇಕು. ಆ ಸೂರಿನಡಿ ಕೂರುವ ಮಕ್ಕಳಿಗೆ ಅದನ್ನು ಓದುವ ಹಕ್ಕಿದೆ. ದುರಸ್ತಿಯ ಗುತ್ತಿಗೆಯನ್ನು ಸುಣ್ಣದ ಕೆಲಸ ಬಲ್ಲವರಿಗೇ ಕೊಡಬೇಕು. ಹೊಸ ಕಟ್ಟಡಕ್ಕೆ ಕೋಟಿಗಟ್ಟಲೆ ಹಣ ಹೊಂದಿಸುವ ಆಡಳಿತಕ್ಕೆ ನೀರಿನ ದೋಣಿ ಸ್ವಚ್ಛಗೊಳಿಸುವಷ್ಟು ಹಣ ಹೊರೆಯಾಗಲಾರದು.