ಸಣ್ಣ ವಾಕ್ಯ ಯಾರಿಗೆ ಸಾಕು?

ಮೂಡಿಗೆರೆ ಕಡೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಅತಿಥಿಗಳು ಮೇಷ್ಟರಿಗೆ ಕೊಡುವ ಬುದ್ಧಿಮಾತುಗಳ ಪಟ್ಟಿಗೆ ಈಚೆಗೆ ಒಂದು ಹೊಸದು ಸೇರಿದೆ. ಮಕ್ಕಳಿಗೆ ಸಣ್ಣ ಸಣ್ಣ ವಾಕ್ಯ ಬರೆಯಲು ಬಂದರೆ ಸಾಕಂತೆ. ಉದ್ದುದ್ದ ಬರೆಸಿ ಹಿಂಸೆ ಕೊಡಬಾರದಂತೆ. ನಮ್ಮ ತೇಜಸ್ವಿಯವರೇ ಎಷ್ಟು ಸರಳವಾಗಿ ಬರೆಯಲಿಲ್ಲ! ಚಪ್ಪಾಳೆ ಬೀಳುತ್ತದೆ. ತೇಜಸ್ವಿಯವರನ್ನು ನಿಜವಾಗಿ ಓದಿದವರ ಕೈ ಮಾತ್ರ ಸ್ವಲ್ಪ ತಡೆಯಬೇಕು. ‘ಕರ್ವಾಲೊ’ ಸಲೀಸಾಗಿ ಓದಿಸಿಕೊಂಡು ಹೋಗುವುದು ಅದರ ವಾಕ್ಯಗಳು ಗಿಡ್ಡ ಎಂಬ ಕಾರಣಕ್ಕಲ್ಲ. ಮಾತಾಡುವವನ ಉಸಿರಿಗೆ ತಕ್ಕಂತೆ ಒಂದು ಸಂಗತಿಯ ಬೆನ್ನಿಗೆ ಇನ್ನೊಂದು ಬಂದು ಕೂಡಿಕೊಳ್ಳುವುದರಿಂದ.

ನಾಲ್ಕನೇ, ಐದನೇ ತರಗತಿಯ ಮಗುವಿಗೆ ಮಿಶ್ರ ವಾಕ್ಯವನ್ನು ಹೊಸದಾಗಿ ಕಲಿಸಬೇಕಾದ್ದೇ ಇಲ್ಲ ಎನ್ನುವುದು ನನ್ನ ವಾದ. ಅದು ಮನೆಯಿಂದಲೇ ತಂದಿರುತ್ತದೆ. ಬರೆಯಲು ಕೂತಾಗ ಅದನ್ನು ಕಿತ್ತುಕೊಳ್ಳುವುದು ನಾವು.

ಕಳಸದ ಸುತ್ತಿನ ತೋಟದ ಮಗು ಮಾರ್ಚ್, ಏಪ್ರಿಲ್‌ನಲ್ಲಿ ದೊಡ್ಡವರ ಬಾಯಲ್ಲಿ ಕೇಳುವ ಮಾತು ಹೀಗಿರುತ್ತದೆ: “ಹೂಮಳೆ ಬಿದ್ದು ಹೂವಾದ್ಮೇಲೆ ಬ್ಯಾಕಿಂಗ್ ಮಳೆ ಬರ್ದೇ ಹೋದ್ರೆ ರೊಬಸ್ಟಾ ಕಾಯಿ ಕಚ್ಚಲ್ಲ.” ಮೊದಲ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಬರದಿದ್ದರೆ ನೀರಿದ್ದವರು ಸ್ಪ್ರಿಂಕ್ಲರ್ ಹೊಡೆಯುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ, ಹೂ ಬಿರಿದ ದಿನವೇ ಮಳೆ ಹೊಡೆದರೆ ಅದೂ ಕೇಡು. ಇಷ್ಟೆಲ್ಲ ಲೆಕ್ಕಾಚಾರ ಒಂದೇ ಉಸಿರಿನ ಮಾತಿನಲ್ಲಿ ಅಡಗಿದೆ. ಅದನ್ನೇ ಶಾಲೆಯ ಪುಸ್ತಕದಲ್ಲಿ ಬರೆಸಿ ನೋಡಿ. “ಮಳೆ ಬಿತ್ತು. ಹೂ ಅರಳಿತು. ಮಳೆ ಬರಲಿಲ್ಲ. ಕಾಯಿ ಕಚ್ಚಲಿಲ್ಲ.” ಕಾಗುಣಿತ ಸರಿ, ಪೂರ್ಣವಿರಾಮ ಸರಿ, ಪೂರ್ತಿ ಅಂಕ. ಆದರೆ ಬಿದ್ದ ಮಳೆ ಯಾವುದು, ಬಾರದ ಮಳೆ ಯಾವುದು? ಅದಕ್ಕಿಂತ ಕೆಟ್ಟದ್ದೆಂದರೆ, ಇನ್ನೂ ನಡೆಯದ ಸಂಗತಿ ಇಲ್ಲಿ ನಡೆದೇಹೋಗಿದೆ. “ಬರದೇ ಹೋದರೆ” ಎಂಬ ಆತಂಕಕ್ಕೆ ಆ ನಾಲ್ಕು ತುಂಡುಗಳಲ್ಲಿ ಜಾಗವೇ ಇಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಬೆಳೆಗಾರರಿಗೆ ಹೇಳುತ್ತ ಬಂದಿರುವ ಸಲಹೆಗಳನ್ನು ಈ ತುಂಡು ಭಾಷೆಯಲ್ಲಿ ಬರೆಯಲು ಹೊರಟರೆ ಒಂದು ಪುಟವೂ ಮುಂದೆ ಸಾಗದು.

ಶಾಲೆಯಲ್ಲಿ ಇದು ಆಗುವುದು ಯಾರ ದುರುದ್ದೇಶದಿಂದಲೂ ಅಲ್ಲ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿರಿ: ಪ್ರಶ್ನೆಪತ್ರಿಕೆ ಕೇಳುವುದೇ ಇಷ್ಟು. ಪಾಠದ ಸಾಲನ್ನು ಹಾಗೇ ಎತ್ತಿ ಬರೆದರೆ ಮುಗಿಯಿತು. ಮುಂದೆ ಪ್ರೌಢಶಾಲೆಗೆ ಹೋದಾಗ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಲಕ್ಷಣ ಬಾಯಿಪಾಠ ಮಾಡಿಸುತ್ತೇವೆ. ಲಕ್ಷಣ ಗೊತ್ತಿದ್ದು ವಾಕ್ಯ ಬಾರದ ಮಕ್ಕಳು ತಯಾರಾಗುವುದು ಹೀಗೆ.

ಕನ್ನಡದಲ್ಲಿ ವಾಕ್ಯ ಬೆಳೆಯುವುದೇ ಕ್ರಿಯಾಪದದ ಬಾಲದಲ್ಲಿ. ಬಂದು, ಬಂದ, ಬಂದಾಗ, ಬಂದರೆ, ಬಂದರೂ, ಬಂದದ್ದರಿಂದ. ‘ಯಾವ ಹುಡುಗನು ಬಂದನೋ ಆ ಹುಡುಗನು’ ಎಂದು ಯಾವ ಮಗುವೂ ಮಾತಾಡುವುದಿಲ್ಲ; ‘ಬಂದ ಹುಡುಗ’ ಅನ್ನುತ್ತದೆ. ನಮ್ಮ ವ್ಯಾಕರಣ ಬೇರೆ ಭಾಷೆಗಳ ಅಚ್ಚಿನಲ್ಲಿ ಕೂತಿದೆ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಅವರ ಬರಹ ಸುಧಾರಣೆಯ ಮಾತು ಒಪ್ಪದವರೂ ಇಷ್ಟನ್ನು ಒಪ್ಪಬಹುದು.

ಹಾಗಾದರೆ ತರಗತಿಯಲ್ಲಿ ಮಾಡಬೇಕಾದ್ದು ಏನು? ಹಲಗೆಯ ಮೇಲೆ ಎರಡು ವಾಕ್ಯ ಬರೆಯಿರಿ: ಮಳೆ ಬಂತು. ಶಾಲೆಗೆ ರಜೆ ಕೊಟ್ಟರು. ಜುಲೈ ತಿಂಗಳಲ್ಲಿ ಈ ಭಾಗದ ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿಲ್ಲ. ಜೋಡಿಸಿ ಎನ್ನಿ. ಒಂದು ಮಗು “ಮಳೆ ಬಂದಿದ್ದಕ್ಕೆ ರಜೆ ಕೊಟ್ಟರು” ಎನ್ನುತ್ತದೆ. ಇನ್ನೊಂದು “ಮಳೆ ಬಂದರೆ ರಜೆ ಕೊಡುತ್ತಾರೆ” ಎನ್ನುತ್ತದೆ. ಹಿಂದಿನ ಬೆಂಚಿನ ತುಂಟ “ಮಳೆ ಬಂದರೂ ರಜೆ ಕೊಡಲಿಲ್ಲ” ಎಂದು ದೂರು ಹೇಳುತ್ತಾನೆ. ಮೂರೂ ಸರಿ, ಮೂರರ ಅರ್ಥವೂ ಬೇರೆ. ಯಾವುದು ನಿಜ ಎಂದು ಈಗ ಮಗುವೇ ತೀರ್ಮಾನಿಸಬೇಕು. ತುಂಡು ವಾಕ್ಯ ಬರೆಯುವ ಮಗುವಿಗೆ ಆ ತೀರ್ಮಾನದ ಹೊಣೆಯೇ ಇರುವುದಿಲ್ಲ. ಇದು ನನ್ನ ಕಲ್ಪನೆಯ ವಿದ್ಯೆಯೂ ಅಲ್ಲ. ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಬರವಣಿಗೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಅವರ 2007ರ ಅಮೆರಿಕದ ವರದಿಯಲ್ಲಿ, ವಾಕ್ಯ ಜೋಡಿಸುವ ಅಭ್ಯಾಸ ಫಲ ಕೊಟ್ಟಿತ್ತು. ಬರಿಯ ವ್ಯಾಕರಣ ಪಾಠ ಕೊಟ್ಟಿರಲಿಲ್ಲ.

ನಾನು ಗೌರವಿಸುವ ಆಕ್ಷೇಪ ಬರುವುದು ವೇದಿಕೆಯಿಂದಲ್ಲ, ಎಸ್ಟೇಟ್ ಪಕ್ಕದ ಇಬ್ಬರೇ ಶಿಕ್ಷಕರ ಶಾಲೆಯಿಂದ. ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಒಬ್ಬನ ಮನೆಮಾತು ತಮಿಳು, ಒಬ್ಬಳದು ತುಳು, ಈಚೆಗೆ ಅಸ್ಸಾಂ ಕಡೆಯಿಂದ ಕೊಯ್ಲಿಗೆ ಬಂದವರ ಮಕ್ಕಳೂ ಇದ್ದಾರೆ. ನಲಿಕಲಿಯಲ್ಲಿ ಮೂರು ತರಗತಿ ಒಟ್ಟಿಗೆ ಕೂತು ಏಣಿ ಹತ್ತುತ್ತಿರುತ್ತವೆ. “ಸಾರ್, ಇವರು ‘ಇದು ಮರ’ ಎಂದು ತಪ್ಪಿಲ್ಲದೆ ಬರೆದರೇ ನಮಗೆ ಹಬ್ಬ” ಎಂದು ಆ ಟೀಚರ್ ಹೇಳಿದರೆ ನಾನು ಏನೆನ್ನಲಿ? ಅಕ್ಷರ ಕೂಡುವ ಮುಂಚೆ ವಾಕ್ಯ ಕೂಡಿಸಿ ಎನ್ನುವುದು ಅನ್ಯಾಯ. ಆದರೂ ಒಂದು ಮಾತು. ಕನ್ನಡದ ‘ಬಂದು’ ತಮಿಳಿನಲ್ಲಿ ‘ವಂದು’. ಹೀಗೆ ಪೋಣಿಸುವ ವಿದ್ಯೆ ತುಳುವಿಗೂ ಗೊತ್ತು. ಅಸ್ಸಾಮಿ, ಬಂಗಾಳಿಗಳಲ್ಲೂ ಕ್ರಿಯಾಪದ ಬಂದು ಕೂರುವುದು ವಾಕ್ಯದ ಕೊನೆಗೇ. ಈ ಮಕ್ಕಳಿಗೆ ಕೊರತೆಯಿರುವುದು ಕನ್ನಡ ಪದಗಳಿಗೆ, ಯೋಚನೆಯ ಜೋಡಣೆಗಲ್ಲ. ಬಾಯಿಮಾತಿನಲ್ಲಿ ಒಂದೆರಡು ವರ್ಷ ಆಡಿಸಿ ಆಮೇಲೆ ಬರೆಸಲಿ, ತಡವಾದರೂ ಅಡ್ಡಿಯಿಲ್ಲ.

ಉದ್ದ ವಾಕ್ಯ ಕಲಿಸಿದರೆ ಇಲಾಖೆಯ ಸುತ್ತೋಲೆಯಂತೆ ಬರೆದಾರು ಎಂಬ ಭಯವೂ ಪೂರ್ತಿ ಸುಳ್ಳಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಶುರುವಾದದ್ದು ಎಲ್ಲಿ ಮುಗಿಯುತ್ತದೆಂದು ಬರೆದವರಿಗೂ ತಿಳಿದಿರುವುದಿಲ್ಲ. ಆದರೆ ನಾನು ಕೇಳುತ್ತಿರುವುದು ಉದ್ದವನ್ನಲ್ಲ, ಸಂಬಂಧವನ್ನು. ಮುಂದೆ ಎಲ್ಲ ಮೊಬೈಲೇ ಬರೆದುಕೊಡುತ್ತದೆ ಎನ್ನುವವರು ಕೂಲಿ ಬಾಕಿಯ ಅರ್ಜಿಯನ್ನು ಎಂದೂ ಸ್ವತಃ ಬರೆಯಬೇಕಾಗಿ ಬಂದವರಲ್ಲ.

ಅತಿಥಿಗಳ ಉಪದೇಶ ನನ್ನನ್ನು ಕೆರಳಿಸುವುದೂ ಇಲ್ಲೇ. ಅವರ ಮನೆಯ ಮಕ್ಕಳು ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ವರ್ಕ್‌ಬುಕ್ ತುಂಬ ‘ಜಾಯಿನ್ ದ ಸೆಂಟೆನ್ಸಸ್’ ಮಾಡುತ್ತಾರೆ; ‘ಬಿಕಾಸ್’, ‘ಆಲ್‌ದೋ’ ಬಾರದಿದ್ದರೆ ಸಂಜೆ ಟ್ಯೂಷನ್ ಇದೆ. ಅಲ್ಲಿ ಯಾರೂ ಸಣ್ಣ ವಾಕ್ಯ ಸಾಕೆನ್ನುವುದಿಲ್ಲ. ಕಾರಣ ಕೊಡುವ, ಷರತ್ತು ಹಾಕುವ, ಆದರೂ ಎಂದು ತಿರುಗಿ ಹೇಳುವ ಭಾಷೆ ಒಡೆಯರ ಮಕ್ಕಳಿಗೆ ಬೇಕು. ಲೈನ್ ಮನೆಯ ಮಕ್ಕಳಿಗೆ ‘ಮಳೆ ಬಿತ್ತು’ ಸಾಕು. ಇದಕ್ಕೆ ಸರಳತೆ ಎಂದು ಹೆಸರಿಡಬೇಡಿ.

ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ ಎಂದು ಶಿಕ್ಷಕರನ್ನು ಎಳೆದಾಡುವವರೆಗೆ, ರಾಶಿ ರಾಶಿ ಪುಸ್ತಕ ತಿದ್ದಿ ಎಂದು ಅವರಿಗೆ ಹೇಳುವ ಮುಖ ನಮಗಿಲ್ಲ. ಇದಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ದಿನ ಕಾಲು ಕಾಲು ಗಂಟೆ, ಹಲಗೆ ಮೇಲೆ ಎರಡು ವಾಕ್ಯ, ಉತ್ತರ ಬಾಯಲ್ಲಿ. ದಸರಾ ರಜೆ ಕಳೆದ ಮೇಲೆ ಪುಸ್ತಕಕ್ಕೆ ಇಳಿಸಿದರೆ ಆಯಿತು. ಪರೀಕ್ಷೆಯಲ್ಲಿ ಇಂಥದೊಂದು ಪ್ರಶ್ನೆ ಇರಲಿ. ಅದರಲ್ಲಿ ಒತ್ತಕ್ಷರ ತಪ್ಪಿದ್ದರೂ ‘ಬಂದರೆ’ ಬೇಕಾದಲ್ಲಿ ‘ಬಂದರೆ’, ‘ಬಂದರೂ’ ಬೇಕಾದಲ್ಲಿ ‘ಬಂದರೂ’ ಇದ್ದರೆ ಪೂರ್ತಿ ಅಂಕ ಕೊಡಲಿ.